ಮುಚ್ಚಿದ ಮೋರಿಯ ಮೇಲಿನ ರಸ್ತೆ

ನಮ್ಮ ಬೋಳಾರದ ಮನೆಯೆದುರಿನ ರಸ್ತೆ ಮೊದಲ ಸಲ ಕುಸಿದದ್ದು ನಾನು ಕಾಲೇಜಿಗೆ ಸೇರಿದ ವರ್ಷ ಎಂದು ಇಷ್ಟು ದಿನ ಹೇಳಿಕೊಂಡು ಬಂದಿದ್ದೇನೆ. ಅದರ ಹಿಂದಿನ ಮಳೆಗಾಲವೂ ಆಗಿರಬಹುದು. ಗುಂಡಿಯಲ್ಲಿ ಸಿಕ್ಕಿಬಿದ್ದ ಹಂಚಿನ ಲಾರಿ ಹಸಿರು ಬಣ್ಣದ್ದೆಂದು ನೆನಪು. ಆದರೆ ಅರವತ್ತನೇ ಇಸವಿಯ ಆಚೀಚಿನ ಲಾರಿಗಳೆಲ್ಲ ನನ್ನ ನೆನಪಿನಲ್ಲಿ ಹಸಿರೇ. ಆಗಿನ ಡೈರಿ ತೆಗೆದು ನೋಡಿದರೆ ಪರೀಕ್ಷೆಯ ಭಯವಿದೆ, ಗೆಳತಿಯ ಮೇಲಿನ ಸಿಟ್ಟಿದೆ, ರಸ್ತೆಯ ಬಗ್ಗೆ ಒಂದು ಸಾಲೂ ಇಲ್ಲ. ಮನೆಯಲ್ಲಿ ನಾವು ಆಡುತ್ತಿದ್ದದ್ದು ತುಳು, ಇಲ್ಲಿ ಬರೆಯುತ್ತಿರುವುದು ಕನ್ನಡ. ಹಾಗಾಗಿ ಮನೆಯವರ ಮಾತು ಅವರು ಆಡಿದ ಹಾಗೆಯೇ ಇಲ್ಲ. ರಸ್ತೆ ಕುಸಿದದ್ದು ಮಾತ್ರ ನಿಜ.

ಆ ರಸ್ತೆಯ ಉಸ್ತುವಾರಿ ನನ್ನ ಚಿಕ್ಕಪ್ಪನದು. ಅಜ್ಜನ ಮಕ್ಕಳಲ್ಲಿ ದೇವಸ್ಥಾನದ ಪೂಜೆ ಬಿಟ್ಟು ಸರಕಾರಿ ಕೆಲಸಕ್ಕೆ ಹೋದವರು ಅವರೊಬ್ಬರೇ. ಓವರ್‌ಸಿಯರ್ ಹುದ್ದೆ, ಇನ್ನೂ ಕಾಯಂ ಆಗಿರಲಿಲ್ಲ. ಕಾಯಂ ಆಗದೆ ಮದುವೆಯಿಲ್ಲ ಎಂದು ಹುಡುಗಿಯ ಮನೆಯವರು ಹೇಳಿ ಕಳಿಸಿದ್ದರು. ತನ್ನ ಮನೆಯೆದುರಿನ ರಸ್ತೆಯನ್ನೇ ಉಳಿಸಿಕೊಳ್ಳಲಾಗದ ಓವರ್‌ಸಿಯರನನ್ನು ಯಾರು ಕಾಯಂ ಮಾಡುತ್ತಾರೆ? ಹೀಗೆ ಒಂದು ಮದುವೆ ಆ ತುಂಡು ಡಾಮರಿನ ಮೇಲೆ ನಿಂತಿತ್ತು.

ಊಟಕ್ಕೆ ಕೂತಾಗ ಚಿಕ್ಕಪ್ಪ ನನಗೆ ರಸ್ತೆಯ ಶಾಸ್ತ್ರ ಹೇಳುತ್ತಿದ್ದರು.

"ಜನ ಲಾರಿಯನ್ನು ಬೈತಾರೆ. ಲಾರಿ ಎಂತ ಮಾಡ್ತದೆ ಪಾಪ? ರಸ್ತೆ ಹಾಳಾಗುದು ಅಡಿಯಿಂದ. ನೀರಿಗೆ ಹೋಗ್ಲಿಕ್ಕೆ ದಾರಿ ಇಲ್ಲದಿದ್ರೆ ಅದು ಕೆಳಗಿನ ಮಣ್ಣಿಗೆ ಇಳೀತದೆ. ಮಣ್ಣು ಗಂಜಿ ಆಗ್ತದೆ. ಗಂಜಿಯ ಮೇಲೆ ಜಲ್ಲಿ ಹಾಕಿದ್ರೆ ನಿಲ್ತದಾ?"

"ಉಣ್ಣುವಾಗ ಮಣ್ಣಿನ ಮಾತು ಎಂತಕ್ಕೆ?" ಎಂದು ಗಂಜಿಯ ಬಟ್ಟಲಿನಿಂದ ತಲೆಯೆತ್ತದೆ ಅಜ್ಜ ಹೇಳುತ್ತಿದ್ದರು. ಪಾಠ ಅಲ್ಲಿಗೆ ಮುಗಿಯುತ್ತಿತ್ತು.

ಮುಗಿಯಲೇಬೇಕಿತ್ತು. ಏಕೆಂದರೆ ನೀರಿಗೆ ದಾರಿ ಮೊದಲು ಇತ್ತು. ರಸ್ತೆಯ ಮೇಲ್ಬದಿ ಗುಡ್ಡೆ, ಕೆಳಬದಿ ನಮ್ಮ ಮನೆ, ಅದರಾಚೆ ಹೊಳೆ. ಮಳೆಗಾಲದಲ್ಲಿ ಗುಡ್ಡೆಯ ನೀರು ಮೀನು ಒಣಗಿಸುವವರ ಅಂಗಳ, ಹಂಚಿನ ಕಾರ್ಖಾನೆಯ ಕೆಲಸದವರ ಬಿಡಾರ ಎಲ್ಲ ತೊಳೆದುಕೊಂಡು ಬಂದು, ರಸ್ತೆಯಡಿಯ ಮೋರಿಯಲ್ಲಿ ನುಸುಳಿ, ನಮ್ಮ ಬಾವಿಯ ಬದಿಯ ತೋಡಿನಲ್ಲಿ ಹೊಳೆಗೆ ಹೋಗುತ್ತಿತ್ತು. ಅದೇ ಬಾವಿಯಿಂದ ದೇವರ ಅಭಿಷೇಕಕ್ಕೆ ನೀರು. ಕಂಡವರ ಅಂಗಳದ ನೀರು ಬಾವಿಯನ್ನು ಸವರಿಕೊಂಡು ಹೋದರೆ ಮಡಿ ಎಲ್ಲಿ ಉಳಿಯಿತು? ಒಂದು ಬೇಸಿಗೆಯಲ್ಲಿ ಅಜ್ಜ ನಮ್ಮ ಬದಿಯ ಮೋರಿಯ ಬಾಯಿಗೆ ಕೆಂಪುಕಲ್ಲು ಕಟ್ಟಿಸಿ, ತೋಡನ್ನು ಮುಚ್ಚಿ, ಮೇಲೆ ದಾಸವಾಳ ನೆಡಿಸಿದರು. ಆಚೆ ಬದಿಯ ಬಾಯಿ ಕೆಸರು ತುಂಬಿ ತಾನಾಗಿಯೇ ಮುಚ್ಚಿಹೋಯಿತು. ಚಿಕ್ಕಪ್ಪ ಆಗ ಮನೆಯಲ್ಲೇ ಇದ್ದರು.

ಮುಂದಿನ ಮಳೆಗೆ ರಸ್ತೆ ಕುಸಿಯಿತು. ಬಾವಿಯ ನೀರೂ ಕೆಂಪಾಯಿತು. ಅಜ್ಜಿ ಬಟ್ಟೆಯಲ್ಲಿ ಸೋಸಿ ಕೊಟ್ಟರು. ಅಜ್ಜ ಅದನ್ನೇ ದೇವರಿಗೆ ಎರೆದರು. ಮೋರಿಯಲ್ಲಿ ಬಂದರೆ ಮೈಲಿಗೆಯಾಗುವ ನೀರು ಮಣ್ಣಿನೊಳಗೆ ಬಂದರೆ ಮಡಿ. ನಾನು ವಿಜ್ಞಾನದ ವಿದ್ಯಾರ್ಥಿನಿ, ಆ ನೀರನ್ನೇ ಕುಡಿದು ಕಾಲೇಜಿಗೆ ಹೋಗುತ್ತಿದ್ದೆ.

ಚಿಕ್ಕಪ್ಪ ಪ್ರತಿ ಬೇಸಿಗೆ, ಊರಿನ ಜಾತ್ರೆ, ಕೋಲಗಳೆಲ್ಲ ಮುಗಿಯುವ ಪತ್ತನಾಜೆ ಕಳೆದು ಮಳೆ ಹಿಡಿಯುವ ಮೊದಲು, ಕಲ್ಲು ತುಂಬಿಸಿ ಡಾಮರು ಹಾಕಿಸುತ್ತಿದ್ದರು. ಪಕ್ಕದ ಅಕ್ಕಿ ಅಂಗಡಿಯ ವ್ಯಾಪಾರಿ, ಬ್ಯಾರಿ ಮುಸಲ್ಮಾನರು, ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

"ಎಂತ ಭಟ್ರೇ, ಈ ವರ್ಷವೂ ಶ್ರಾದ್ಧ ಉಂಟಾ?"

"ಶ್ರಾದ್ಧ ಅಲ್ಲ ಮಾರಾಯ್ರೆ, ರಿಪೇರಿ."

"ಸತ್ತದ್ದಕ್ಕೆ ವರ್ಷಕ್ಕೊಮ್ಮೆ ಮಾಡುದಕ್ಕೆ ನಿಮ್ಮಲ್ಲಿ ಹಾಗೇ ಹೇಳುದಲ್ವಾ?"

ಚಿಕ್ಕಪ್ಪನೂ ನಕ್ಕುಬಿಡುತ್ತಿದ್ದರು. ಅವರಿಬ್ಬರಿಗೆ ಸ್ನೇಹವಿತ್ತು.

ಕಡೆಗೊಂದು ಮಳೆಗಾಲ, ಮೈಸೂರು ಕಡೆಯ ದೊಡ್ಡ ಇಂಜಿನಿಯರರು ಜೀಪಿನಲ್ಲಿ ಬಂದರು. ಕಾಲೇಜಿಗೆ ಹೊರಟ ನಾನು ಮಳೆ ಬಿಡಲೆಂದು ಜಗಲಿಯಲ್ಲಿದ್ದೆ. ಅಜ್ಜ ಒದ್ದೆ ಪಂಚೆಯಲ್ಲಿ ದಾಸವಾಳದ ಬಳಿ ಹೂ ಕೊಯ್ಯುತ್ತಿದ್ದರು, ಅಥವಾ ಕೊಯ್ಯುವ ಹಾಗೆ ನಿಂತಿದ್ದರು.

"ಇಷ್ಟು ನೀರು ಬರೋ ಜಾಗ. ಇಲ್ಲೊಂದು ಮೋರಿ ಇಲ್ವೇನ್ರೀ?"

ಚಿಕ್ಕಪ್ಪ ಗುಂಡಿ ನೋಡಿದರು, ದಾಸವಾಳ ನೋಡಿದರು.

"ಇಲ್ಲ ಸಾರ್."

"ಹಾಗಾದ್ರೆ ಒಂದು ಹೊಸದು ಹಾಕ್ಸಿ. ನೀರಿಗೆ ದಾರಿ ಕೊಡ್ದೆ ಎಷ್ಟು ಡಾಮರು ಸುರಿದ್ರೂ ಅಷ್ಟೆ."

ಆ ಮಾತನ್ನು ಹುಟ್ಟಿದ ಮೇಲೆ ಮೊದಲ ಸಲ ಕೇಳಿದವರಂತೆ ಚಿಕ್ಕಪ್ಪ ತಲೆಯಾಡಿಸಿದರು.

ಹೊಸ ಮೋರಿ ನಮ್ಮ ಕಂಪೌಂಡು ದಾಟಿದ ಮೇಲೆ ಬಂತು. ಅದರ ಬಾಯಿ ತೆರೆದದ್ದು ವ್ಯಾಪಾರಿಯ ಗೋದಾಮಿನ ಹಿತ್ತಿಲಿಗೆ. ರಸ್ತೆ ಮತ್ತೆ ಕುಸಿಯಲಿಲ್ಲ. ಸಮಸ್ಯೆ ಬಗೆಹರಿಸಿದ್ದಕ್ಕೆ ಚಿಕ್ಕಪ್ಪ ಕಾಯಂ ಆದರು, ಮದುವೆಯಾಯಿತು. ವ್ಯಾಪಾರಿ ಒಳ್ಳೆಯ ಅಕ್ಕಿ ಕಳಿಸಿ, ತಾವೂ ಬಂದು, ಚಪ್ಪರದ ಹೊರಗೆ ಅವರಿಗೆಂದೇ ಹಾಕಿದ ಎಲೆಯಲ್ಲಿ ಉಂಡು ಹೋದರು. ನಮ್ಮ ಬಾವಿ ತಿಳಿಯಾಯಿತು. ಮುಂದಿನ ಆಟಿ ತಿಂಗಳ ಮಳೆಯಲ್ಲಿ ಅವರ ಗೋದಾಮಿಗೆ ನೀರು ನುಗ್ಗಿ ಅಕ್ಕಿ ಮೂಟೆಗಳು ಮುಗ್ಗಲು ವಾಸನೆ ಹೊಡೆದವು. ಅವರು ದೂರು ಕೊಡಲಿಲ್ಲ. ನೆಲ ಎತ್ತರಿಸಿಕೊಂಡರು. ಶ್ರಾದ್ಧದ ತಮಾಷೆ ಮಾತ್ರ ನಿಂತಿತು. ರಸ್ತೆ ಕುಸಿಯದಿದ್ದುದರಿಂದ ಎಂದು ನಾನು ಆಗ ಅಂದುಕೊಂಡಿದ್ದೆ.

ಚಿಕ್ಕಪ್ಪ ಈಗ ನಿವೃತ್ತರು, ಬಿಜೈಯಲ್ಲಿ ಮನೆ. ಮೊನ್ನೆ ಹೋಗಿದ್ದಾಗ ಬಾಗಿಲೆದುರಿನ ಗುಂಡಿ ತೋರಿಸಿ, ಚರಂಡಿಯಿಲ್ಲದೆ ರಸ್ತೆ ಮಾಡುವವರನ್ನು ಚೆನ್ನಾಗಿಯೇ ಬೈದರು. ಚಿಕ್ಕಮ್ಮ ಕಾಫಿ ತಂದಿಟ್ಟರು. ಕೇಳಲು ಅದು ಸರಿಯಾದ ಹೊತ್ತಲ್ಲವೆಂದು ಗೊತ್ತಿದ್ದೂ ಕೇಳಿದೆ. ಅವರು ಲೋಟ ಎತ್ತಿಕೊಂಡರು, ಕುಡಿಯಲಿಲ್ಲ. 

ನಾನು ಕೇಳಿದ್ದು ಇಷ್ಟೇ: "ಹೊಸ ಮೋರಿಯ ನೀರು ಎಲ್ಲಿಗೆ ಹೋಗ್ತದೆ ಅಂತ ನಿಮಗೆ ಆಗಲೇ ಗೊತ್ತಿತ್ತಲ್ವಾ ಚಿಕ್ಕಪ್ಪ?"