ಸೋಮವಾರ ಸತ್ತ ವಾಲ್ವುಗಳು

ಏಪ್ರಿಲ್ 14, ಸೋಮವಾರ, ಬೆಳಿಗ್ಗೆ 10 ಗಂಟೆ 20 ನಿಮಿಷ. ಗೋಕಾಕದ ನನ್ನ ರೇಡಿಯೋ ರಿಪೇರಿ ಕೋಣೆಯಲ್ಲಿ ಆರು ಗಾಜಿನ ವಾಲ್ವುಗಳ ಪರೀಕ್ಷೆ ಆರಂಭವಾಯಿತು. 10-45ಕ್ಕೆ ಮುಗಿಯಿತು. ಐದು ಸತ್ತಿವೆ ಎಂದೆ.

ಎದುರಿಗೆ ನಿಂತಿದ್ದ ಬಸಲಿಂಗಪ್ಪ ಕಾಕಾ ಸ್ಟೂಲು ಎಳೆದುಕೊಂಡು ಕುಳಿತರು.

ಕಾಕಾ ಮೂಡಲಗಿಯವರು. ಮದುವೆಗಳಿಗೆ ಲೌಡ್‌ಸ್ಪೀಕರ್ ಹಚ್ಚುತ್ತಾರೆ; ಈ ವಾಲ್ವುಗಳಿಲ್ಲದೆ ಅದು ಉಸಿರೆತ್ತದು. ಈ ಸಲ ಗುರುವಾರ, ಹುಕ್ಕೇರಿಯಲ್ಲಿ, ಸ್ವಂತ ತಂಗಿಯ ಮಗಳದೇ ಮದುವೆ. ಆ ಹುಡುಗಿಯನ್ನು ಮೊದಲು ನೋಡಲು ಬಂದಿದ್ದವರು ಬೇಡವೆಂದು ಎದ್ದು ಹೋಗಿದ್ದರು. ಅವರ ಮನೆಯೂ ಹುಕ್ಕೇರಿಯಲ್ಲೇ, ಚಪ್ಪರದಿಂದ ನಾಲ್ಕು ಮನೆ ಆಚೆ. ಆ ಮನೆಯ ಅಡಿಗೆ ಕೋಣೆಗೂ ಕೇಳುವಂತೆ ಹಾಡು ಹಚ್ಚುತ್ತೇನೆ ಎಂದು ಕಾಕಾ ತಂಗಿಗೆ ಮಾತು ಕೊಟ್ಟಿದ್ದರು. ಹೊಸ ವಾಲ್ವು ಬರಬೇಕಾದದ್ದು ಮುಂಬಯಿಯಿಂದ. ಮೂರು ದಿನದಲ್ಲಿ ಬಂದೀತೇ?

ಕಾಕಾ ಐದನ್ನೂ ನನ್ನ ಮೇಜಿನ ಮೇಲೇ ಬಿಟ್ಟು, ಬೇರೆ ಯಾರ ಬಳಿಯಾದರೂ ಸಿಗುತ್ತವೆಯೇ ನೋಡಲು ಹೋದರು.

ನನ್ನ ಟೆಸ್ಟರಿನ ಬಗ್ಗೆ ಎರಡು ಮಾತು ಹೇಳಬೇಕು. ಹಳೆಯ ಮರದ ಪೆಟ್ಟಿಗೆ. ಬೆಳಗಾವಿಯ ಹಳೆ ಸಾಮಾನಿನ ಅಂಗಡಿಯಲ್ಲಿ ಸಿಕ್ಕಿದ್ದು. ವಾಲ್ವನ್ನು ಅದರ ತೂತುಗಳಲ್ಲಿ ಕೂರಿಸಿ ಗುಂಡಿ ಒತ್ತಿದರೆ ಮುಳ್ಳು ಏಳುತ್ತದೆ. ಹಸಿರಿಗೆ ಹೋದರೆ ಒಳ್ಳೆಯದು. ಕೆಂಪಿನಲ್ಲೇ ನಿಂತರೆ ಸತ್ತದ್ದು. ನಡುವೆ ಒಂದು ಪ್ರಶ್ನೆಯ ಚಿಹ್ನೆ. (ಅದನ್ನು ನಾನೆಂದೂ ಮನ್ನಿಸಿರಲಿಲ್ಲ. ನನ್ನ ಡೈರಿಯಲ್ಲಿ ಇದ್ದದ್ದು ಎರಡೇ ಕಾಲಮ್ಮು.)

ಬುಧವಾರ ಮಧ್ಯಾಹ್ನ ಕಾಕಾ ಬರಿಗೈಯಲ್ಲಿ ಬಂದರು. ಮುಖ ಒಣಗಿತ್ತು. ಇನ್ನೊಮ್ಮೆ ನೋಡು ಎಂದರು. ನೋಡಿದ್ದೇನೆ, ಡೈರಿಯಲ್ಲಿ ಬರೆದಿದೆ ಎಂದೆ.

"ಡೈರಿ ಹಾಡ್ತೈತೇನೋ ತಮ್ಮಾ? ನೋಡು. ನನ್ನ ಸಮಾಧಾನಕ್ಕ."

ನೋಡಿದೆ. ಮೊದಲನೆಯದು ಹಸಿರು. ಎರಡನೆಯದು ಹಸಿರು. ಐದರಲ್ಲಿ ನಾಲ್ಕು ಹಸಿರು!

"ಎರಡ ದಿನದಾಗ ಎದ್ದು ಕುಂತ್ವಲ್ಲೋ," ಎಂದರು ಕಾಕಾ. "ಮಣ್ಣ ಕೊಡದಿದ್ದದ್ದ ಚಲೋ ಆತು."

ನಾನು ನಗಲಿಲ್ಲ. ಡೈರಿ ತೆಗೆದೆ. ಐದು ತಿಂಗಳ ಲೆಕ್ಕವನ್ನು ವಾರವಾರು ಕೂಡಿಸಿದೆ. ಸೋಮವಾರಗಳಲ್ಲಿ ನೋಡಿದ್ದು 38, ಸತ್ತದ್ದು 23. ಉಳಿದ ಎಲ್ಲ ದಿನ ಸೇರಿ ನೋಡಿದ್ದು 90, ಸತ್ತದ್ದು 11. ವಾಲ್ವಿಗೂ ವಾರದ ಹಂಗುಂಟೇ?

ಕಾಕಾ ಡೈರಿಯತ್ತ ಬಗ್ಗಿ, ಬಾಜೂ ಗೋಡೆಗೆ ಕಿವಿಗೊಟ್ಟರು. "ಇವತ್ತ ಗಿರಣಿ ಸುಮ್ಮನ ಐತಿ. ಸೋಮವಾರ ನಿನ್ನ ಮಾತ ನನಗ ನೆಟ್ಟಗ ಕೇಳಿಸಿದ್ದಿಲ್ಲ, ಅಷ್ಟ ಸಪ್ಪಳ."

ನನ್ನ ಪಕ್ಕದ್ದು ಹಿಟ್ಟಿನ ಗಿರಣಿ. ಸೋಮವಾರ ಬಸವಣ್ಣನ ವಾರ. ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಹೊಲಕ್ಕೆ ರಜೆ. ಸುತ್ತಲಿನ ಹಳ್ಳಿಗಳ ಗಂಡಸರು ಜೋಳದ ಚೀಲ ತಲೆಯ ಮೇಲೆ ಹೊತ್ತು (ಗಾಡಿಯನ್ನೂ ಹೂಡುವಂತಿಲ್ಲವಲ್ಲ) ಗಿರಣಿಗೆ ಬರುತ್ತಾರೆ. ಗಿರಣಿ ಇಡೀ ದಿನ ತಿರುಗುತ್ತದೆ. ಅದಕ್ಕೂ ನನಗೂ ಒಂದೇ ತಂತಿ. ಕರೆಂಟನ್ನು ಅದು ಉಣ್ಣುತ್ತದೆ, ನನಗೆ ಎಂಜಲು. ಅರೆಹೊಟ್ಟೆಯ ವಾಲ್ವು ಮುಳ್ಳನ್ನು ಎಲ್ಲಿಂದ ಎತ್ತೀತು?

ಟೆಸ್ಟರಿನಲ್ಲಿ ಇದಕ್ಕೆ ಮದ್ದಿಲ್ಲವೇ? ಇದೆ. ಕರೆಂಟು ಇಳಿದರೆ ಸರಿಪಡಿಸಲೆಂದೇ ಒಂದು ತಿರುಗುಗುಂಡಿ. ಪ್ರತಿ ಸಲ ತಿರುಗಿಸಿ ನೋಡಬೇಕು. ನಾನೇನು ಮಾಡಿದ್ದೆ? ಎಲ್ಲ ವಾಲ್ವಿಗೂ ಒಂದೇ ನ್ಯಾಯ ಇರಲಿ ಎಂದು, ಡಿಸೆಂಬರಿನ ಒಂದು ಮಂಗಳವಾರ ಅದನ್ನು ಸರಿಯಾಗಿ ನಿಲ್ಲಿಸಿ ಅರಗು ಸುರಿದು ಮುದ್ರೆ ಒತ್ತಿದ್ದೆ. ಸೋಮವಾರಗಳಂದು ಕೋಣೆಯ ಬಲ್ಬು ಕೆಂಪಾದದ್ದೂ ಡೈರಿಯಲ್ಲಿದೆ: "ಕಣ್ಣು ದಣಿದಿವೆ, ಬೇಗ ಮಲಗಬೇಕು."

ಇಷ್ಟನ್ನೂ ಕಾಕಾನಿಗೆ ಒಪ್ಪಿಸಿದೆ. ಬೈಗುಳಕ್ಕೆ ಸಿದ್ಧನಾಗಿದ್ದೆ. ಅವರು ವಾಲ್ವುಗಳನ್ನು ಹತ್ತಿಯಲ್ಲಿ ಸುತ್ತುತ್ತ, ಮೆಲ್ಲಗೆ ಅಂದರು:

"ನಮ್ಮ ಹುಡುಗಿನ್ನೂ ಹಿಂಗ ನೋಡಿದ್ರಪಾ. ಮೂರ ದಿನ ಜ್ವರದಾಗ ಮಲಗಿ ಅವತ್ತ ಎದ್ದಿದ್ಲು. ಅವಲಕ್ಕಿ ಗಂಗಾಳ ಹಿಡದ ಕೈ ನಡಗಿದ್ವು. ಕೈಲಾಗದಾಕಿ ಅಂತ ಬರಕೊಂಡ ಹೋದ್ರು."

ನಿಜವಾಗಿ ಸತ್ತಿದ್ದ ಒಂದರ ಬದಲು ನನ್ನ ಸ್ವಂತ ಸೆಟ್ಟಿನದನ್ನು ಬಿಚ್ಚಿ ಕೊಟ್ಟೆ.

ಗುರುವಾರ ಹುಕ್ಕೇರಿಗೆ ನಾನೂ ಹೋಗಿದ್ದೆ. ಲೌಡ್‌ಸ್ಪೀಕರಿನ ಹಾರ್ನಿನ ಬಾಯಿ ಚಪ್ಪರದತ್ತ ಇರಲಿಲ್ಲ, ನಾಲ್ಕು ಮನೆ ಆಚೆಗೆ ತಿರುಗಿತ್ತು. 11-05ಕ್ಕೆ ಹಾಡು ಶುರು. 11-12ಕ್ಕೆ ಆ ಮನೆಯ ಕಿಟಕಿ ಮುಚ್ಚಿತು. ವಧು ಸೆರಗಿನ ಮರೆಯಲ್ಲಿ ನಕ್ಕದ್ದನ್ನು ಕಂಡೆ. ವೇಳೆ ಬರೆದುಕೊಳ್ಳಲು ಮರೆತೆ.

ಈಗ ಅರಗು ಕೆತ್ತಿ ತೆಗೆದಿದ್ದೇನೆ. ಡೈರಿಯಲ್ಲಿ ಮೂರನೆಯ ಕಾಲಮ್ಮು ಎಳೆದು, ತಲೆಗೆ ಪ್ರಶ್ನೆಯ ಚಿಹ್ನೆ ಹಾಕಿದ್ದೇನೆ. ಸೋಮವಾರದ 23ರಲ್ಲಿ ಕಾಕಾನ ಐದರ ಲೆಕ್ಕ ಮುಗಿಯಿತು. ಉಳಿದ ಹದಿನೆಂಟರಲ್ಲಿ ಯಾವುದಾದರೂ ನಿಮ್ಮ ಮನೆಯ ಗೂಡಿನಲ್ಲಿದ್ದರೆ ದಯವಿಟ್ಟು ಬರೆಯಿರಿ. ಈ ಪೆಟ್ಟಿಗೆಯ ಮರ್ಮ ನನಗಿಂತ ಹೆಚ್ಚು ಬಲ್ಲವರಂತೂ ಖಂಡಿತ ಬರೆಯಿರಿ.

ಬರೆಯುವಾಗ ಇದನ್ನೂ ತಿಳಿಸಿ: ನಿಮ್ಮನ್ನು ಯಾರೋ ಕೈಲಾಗದವರು ಎಂದದ್ದು ಯಾವ ವಾರ?