ಹಳೆಯ ಹಿಟ್ಟು, ಹೊಸ ಬ್ಯಾಟರಿ

ನಿಜವಾಗಿ ನಡೆದದ್ದು ಇಷ್ಟೇ: ಬ್ಯಾಟರಿ ಸತ್ತಿತು, ಇಡ್ಲಿ ತಲುಪಿತು, ಹೆಸರು ವನಜಳಿಗೆ ಹೋಯಿತು. ಉಳಿದದ್ದೆಲ್ಲ ನಮ್ಮವರು, ನನ್ನ ಗಂಡ, ಆಮೇಲೆ ಕೂಡಿಸಿ ಹೇಳುವ ವಿಜ್ಞಾನ. ಅದನ್ನೂ ಹೇಳುತ್ತೇನೆ, ಮೂರನೆಯ ಕ್ಲಾಸು ದಾಟದ ನನಗೆ ತಿಳಿದಷ್ಟು.

ವನಜ ನನ್ನ ಓರಗಿತ್ತಿ. ಜಾದವ್‌ಪುರದ ಬಾಡಿಗೆ ಮನೆಯಲ್ಲಿ ಮಹಡಿಯ ಮೇಲೆ ಅವಳು, ಕೆಳಗೆ ನಾನು. ಉಡುಪಿಯ ಕಡೆಯಿಂದ ಬಂದ ನಮಗಿಬ್ಬರಿಗೂ ಇಡ್ಲಿ ಬೇಯಿಸಿ ಕೊಡುವುದೇ ಕಸುಬು. ಸಾಲ್ಟ್ ಲೇಕಿನಲ್ಲಿ ಕಂಪ್ಯೂಟರ್ ಆಫೀಸುಗಳು ನಾಯಿಕೊಡೆಯಂತೆ ಎದ್ದ ಕಾಲದಲ್ಲಿ ಅವಳು ಲೈಸೆನ್ಸ್ ಬೇಡದ ಕರೆಂಟಿನ ಗಾಡಿಯೊಂದನ್ನು ಕೊಂಡು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಸದ್ದಿಲ್ಲದೆ ಅಂಥದೊಂದು ಆಫೀಸಿಗೆ ತಿಂಡಿ ಹೊತ್ತು ಹೊರಡತೊಡಗಿದಳು. ನಾವಿಬ್ಬರೂ ಮೊಮ್ಮಕ್ಕಳನ್ನು ಕಂಡವರೇ. ಆದರೂ ಪಾಡಾದ, ಅಂದರೆ ನಮ್ಮ ಕೇರಿಯ, ಬಂಗಾಳಿ ಜನರಿಗೆ ಅವಳು ‘ಸ್ಕೂಟರ್ ಬೌದಿ’, ನಾನು ‘ಮಾಶಿಮಾ’. ಅವಳು ಅವರಿಗೆ ಅತ್ತಿಗೆಯಾದಳು, ನಾನು ಮುದುಕಿಯಾದೆ. ನನಗೆ ಹೊಟ್ಟೆಯುರಿಯಿತು. ಉರಿಯದಿದ್ದರೆ ಅದು ಹೊಟ್ಟೆಯೇ ಅಲ್ಲ, ನೀವೇ ಹೇಳಿ.

ಆ ಆಫೀಸಿನಲ್ಲಿ ಜನ ಹೆಚ್ಚಿ, ವನಜಳ ಒಲೆ ಸಾಲದಾಗಿ, ಅವಳೇ ನನ್ನ ಹೆಸರು ಹೇಳಿ ಬಂದಳು. ಒಂದು ದಿನ ರುಚಿ ನೋಡುತ್ತಾರೆ, ಹಿಡಿಸಿದರೆ ದಿನವೂ ನಮ್ಮದೇ. ಉಪಕಾರವೇ ಸರಿ, ಆದರೆ ಹೊಟ್ಟೆಯುರಿಯುವವರಿಗೆ ಉಪಕಾರದಷ್ಟು ಖಾರ ಇನ್ನೊಂದಿಲ್ಲ.

ನಮ್ಮವರು ಹಳೆಯ ಕರೆಂಟಿನ ಗಾಡಿಯೊಂದನ್ನು ತಂದರು. ಅದರ ಹೊಟ್ಟೆಯಲ್ಲಿ ಇಟ್ಟಿಗೆಯಂಥ ನಾಲ್ಕು ಬ್ಯಾಟರಿಗಳು. ಮೂರು ಸತ್ತಿದ್ದವು, ಒಂದಕ್ಕೆ ಇನ್ನೂ ಉಸಿರಿತ್ತು. ಅಗ್ಗದವು ಸಿಕ್ಕವೆಂದು ಬಜಾರಿನಿಂದ ಹೊಸ ಮೂರನ್ನು ಹೊತ್ತು ತಂದರು. ಹಲಸಿನಕಾಯಿಯನ್ನು ಆರಿಸುವಂತೆ ನಾನು ಒಂದೊಂದನ್ನೇ ಎತ್ತಿ ನೋಡಿದೆ.

“ಎಂತದಿದು, ಹಳತಕ್ಕಿಂತ ಹಗುರ ಉಂಟಲ್ಲ! ಒಳಗೆ ಸೀಸ ಉಂಟಾ, ಗಾಳಿಯಾ?”

“ನೀನು ಎಂತ ಬದನೆಕಾಯಿ ತೂಗುವುದಾ ಮಾರಾಯ್ತಿ? ಮೀಟರು ಸರಿ ತೋರಿಸ್ತದೆ, ನೋಡು.”

ಮೀಟರಿನ ಕಡ್ಡಿ ಮುಟ್ಟಿಸಿದರೆ ಹಳತೂ ಹೊಸತೂ ಹೆಚ್ಚುಕಡಿಮೆ ಒಂದೇ ಅಂಕಿ ಹೇಳಿದವು. ನಾಲ್ಕನೆಯದನ್ನೂ ಹೊಸತೇ ತರುವುದೆಂದು ಅವರು ಎದ್ದಾಗ ನಾನೇ ಬೇಡವೆಂದೆ. ಇಲ್ಲಿಯ ಮಾಘದ ಚಳಿಗೆ ಹಿಟ್ಟು ಹುಳಿ ಬಾರದು. ನಿನ್ನೆಯ ಹಿಟ್ಟು ಒಂದು ಸೌಟು ಬೆರೆಸಿದರೆ ಹಳತು ಹೊಸತನ್ನು ಎಬ್ಬಿಸುತ್ತದೆ. ನಮ್ಮ ಅತ್ತೆ ಕಲಿಸಿದ ಪಾಠವದು, ಎಂದೂ ಕೈಕೊಟ್ಟಿದ್ದಿಲ್ಲ. ಅವರಿಗೂ ಸರಿಯೆನಿಸಿತು, ಹಳತನ್ನೇ ಸೇರಿಸಿದರು. ಮಕ್ಕಳು ಕೈಹಿಡಿದು ಸಾಲು ನಿಂತಂತೆ, ಒಂದರ ಪ್ಲಸ್ಸಿಗೆ ಮುಂದಿನದರ ಮೈನಸ್ಸು. ಸಾಲಿನ ಎರಡು ತುದಿಯ ತಂತಿಗಳು, ಕೆಂಪೊಂದು ಕಪ್ಪೊಂದು, ಗಾಡಿಗೆ. ತುದಿ ತುದಿ ತಾಗಿ ಕಿಡಿ ಹಾರಬಾರದೆಂದು ಬಿಗಿದ ತಿರುಪಿಗೆಲ್ಲ ಟೇಪು ಸುತ್ತಿದರು. ಗಾಡಿ ಕೇರಿಯನ್ನೊಂದು ಸುತ್ತು ಹಾಕಿ ಬಂತು. ನಾನು ಮಹಡಿಯ ಕಿಟಕಿಯತ್ತ ನೋಡಿದೆ, ವನಜ ನೋಡುತ್ತಿದ್ದಾಳೆಯೇ ಎಂದು.

ರುಚಿ ನೋಡುವ ದಿನ ಬಂತು. ಹೊಗಳಿಕೆಯನ್ನು ನನ್ನ ಕಿವಿಯಿಂದಲೇ ಕೇಳಬೇಕೆಂದು ಇಡ್ಲಿಯ ಕ್ಯಾರಿಯರುಗಳ ಜೊತೆ ನಾನೂ ನಮ್ಮವರ ಹಿಂದೆ ಗಾಡಿ ಹತ್ತಿದೆ. ಬೈಪಾಸಿನ ಸೇತುವೆಯ ಏರಿನಲ್ಲಿ ಗಾಡಿ ಮೊದಲು ನಿಧಾನವಾಯಿತು, ಆಮೇಲೆ ಗೊಣಗಿತು, ಆಮೇಲೆ ಸುಮ್ಮನಾಯಿತು. ನಮ್ಮವರು ಸೀಟು ಎತ್ತಿ ಮುಟ್ಟಿ ನೋಡಿದರು; ಹಳೆಯದೊಂದರ ಮೈ ಮಾತ್ರ ಜ್ವರ ಬಂದಂತೆ ಬಿಸಿ. ಅಷ್ಟರಲ್ಲಿ ಹಿಂದಿನಿಂದ, ಸದ್ದಿಲ್ಲದೆ, ವನಜ.

“ಅಕ್ಕಾ, ಹಳತು ಒಂದು ಇಟ್ಟುಕೊಂಡಿರಾ? ನಾಲ್ಕೂ ಒಂದೇ ಪ್ರಾಯದ್ದು ಇರಬೇಕು. ಸುಮ್ಮನೆ ಇರುವಾಗ ಸರಿ ತೋರಿಸ್ತದೆ, ಭಾರ ಬಿದ್ದಾಗ ಸೋತವ ಉಳಿದವರನ್ನೂ ಎಳೆದು ಕೂರಿಸ್ತಾನೆ.”

“ನಿನಗೆ ಯಾರು ಹೇಳಿದ್ದು?”

“ನಾನೂ ಮೊದಲು ಹಾಗೇ ಮಾಡಿ ನಿಂತವಳೇ. ಅತ್ತೆ ಕಲಿಸಿದ್ದು ಹಿಟ್ಟಿಗಲ್ವಾ, ಬ್ಯಾಟರಿಗಾ!” ಎಂದು ನಕ್ಕಳು.

ನೋಡಿ, ತಪ್ಪಿನಲ್ಲೂ ಅವಳೇ ಮೊದಲು.

ಇಡ್ಲಿ ತಣ್ಣಗಾಗುತ್ತಿತ್ತು. ಅವಳು ನನ್ನ ಕ್ಯಾರಿಯರುಗಳನ್ನೂ ತನ್ನ ಗಾಡಿಗೆ ಕಟ್ಟಿಕೊಂಡು ಏರು ದಾಟಿದಳು. ನಾವು ಗಾಡಿ ತಳ್ಳಿಕೊಂಡು ಮನೆಗೆ ಬಂದೆವು. ದಾರಿಯುದ್ದಕ್ಕೂ ನನಗೆ ಆ ಹಳೆಯ ಬ್ಯಾಟರಿಯದೇ ಯೋಚನೆ. ಅತ್ತೆಯ ಹಿಟ್ಟಿನಲ್ಲಿ ಹಳತಕ್ಕೆ ಬೆಲೆ ಇತ್ತು, ಮುದುಕಿಯಾದವಳಿಗೆ ಅದೊಂದು ಸಮಾಧಾನವೂ ಆಗಿತ್ತು. ಈ ಹೊಸ ಕಾಲದ ಪೆಟ್ಟಿಗೆಯಲ್ಲಿ ಹಳತು ಬರೀ ಕಾಲೆಳೆಯುವ ವಸ್ತು. ನನ್ನ ಹೊಟ್ಟೆಯುರಿಯೂ ಹಾಗೆಯೇ ಇರಬೇಕು. ಮನೆಯಲ್ಲಿ ಕೂತಾಗ ಮೀಟರಿಗೆ ಸಿಕ್ಕುವುದಿಲ್ಲ, ವನಜ ನಕ್ಕಾಗ ಮೈ ಬಿಸಿಯಾಗುತ್ತದೆ.

ಮಧ್ಯಾಹ್ನ ಅವಳು ಖಾಲಿ ಕ್ಯಾರಿಯರು ತಂದಿಟ್ಟಳು.

“ಒಂದೂ ಉಳಿಯಲಿಲ್ಲ ಅಕ್ಕಾ. ನಾಳೆಯಿಂದ ದಿನಾ ಬೇಕಂತೆ.”

“ಯಾರ ಇಡ್ಲಿ ಅಂದರು?”

ಅವಳು ಸೆರಗಿನ ತುದಿ ತಿರುವಿದಳು. “ನಿಮ್ಮದು ಅಂತ ನಾನು ಹೇಳಿದೆ. ಅವರು ಎಲ್ಲಿ ಕೇಳಿಸಿಕೊಂಡರು? ‘ವನಜಾ ದೀದಿಯ ಹೊಸ ಇಡ್ಲಿ’ ಅಂತ ತಿಂದರು.”

ಸುಳ್ಳಾಡುವವಳಲ್ಲ, ಅದೇ ಕಷ್ಟ. ಸುಳ್ಳಾಡಿದ್ದರೆ ಜಗಳವಾಡಿ ಹಗುರಾಗಬಹುದಿತ್ತು.

ಮರುದಿನ ಬೆಳಿಗ್ಗೆ, ನಮ್ಮವರು ನಾಲ್ಕನೆಯ ಬ್ಯಾಟರಿ ತರಲು ಚೀಲ ಹುಡುಕುತ್ತಿದ್ದಾಗ, ನಾನು ಕ್ಯಾರಿಯರು ತುಂಬಿ ವನಜಳ ಗಾಡಿಯ ಹಿಂದೆ ಕೂತೆ. ಅವಳ ಸೊಂಟ ಹಿಡಿಯಬಾರದೆಂದುಕೊಂಡಿದ್ದೆ. ಮೊದಲ ತಿರುವಿನಲ್ಲೇ ಹಿಡಿದೆ. ಆಫೀಸಿನ ಬಾಗಿಲಲ್ಲಿ ಅವಳು ಗಾಡಿಗೆ ಸ್ಟ್ಯಾಂಡು ಹಾಕುವಷ್ಟರಲ್ಲಿ ನಾನು ಕೆಳಗಿಳಿದು, ಕ್ಯಾರಿಯರು ಹಿಡಿದು ಒಳಗೆ ನಡೆದು, ತಟ್ಟೆ ಹಿಡಿದು ನಿಂತ ಕಂಪ್ಯೂಟರ್ ಜನರ ಮುಂದೆ ನನಗೆ ಬರುವ ಹಿಂದಿಯನ್ನೆಲ್ಲ ಒಮ್ಮೆಗೇ ಖರ್ಚು ಮಾಡಿದೆ:

“ಯೇ ಇಡ್ಲಿ ಮೇರಾ. ಉಸ್ಕಾ ಸಿರ್ಫ್ ಗಾಡಿ.”