ಬೊಂಬೆಯ ಎಡತೊಡೆ

ದೆಹಲಿಯ ಕರೋಲ್ ಬಾಗಿನ ಅಂಗಡಿಯವನು ತಲೆಯಿಲ್ಲದ ಬೊಂಬೆಗೆ ನಾನು ತೊಡಲು ಕೊಳ್ಳುವ, ದೊಡ್ಡವರ ಲಾರ್ಜ್ ಡಯಾಪರ್ ತೊಡಿಸಿ, ಒಳಗೆ ತಣ್ಣೀರು ಸುರಿದ. ಬೊಂಬೆಯ ಎಡತೊಡೆಯ ಮೇಲೆ ನೀರು ಇಳಿಯಿತು. ನನಗೂ ಅಲ್ಲೇ ಸೋರುತ್ತಿದ್ದದ್ದು. ನನ್ನ ಎಡತೊಡೆ ತಣ್ಣಗಾಯಿತು. ಮುಟ್ಟಿ ನೋಡಿಕೊಂಡೆ, ಪ್ಯಾಂಟ್ ಒದ್ದೆಯಾಗಿರಲಿಲ್ಲ. ಮರುದಿನ ಮೊಮ್ಮಗಳ ಮದುವೆಯಲ್ಲಿ ಬಿಳಿ ಪಂಚೆ ಉಟ್ಟು ಕೂರಬೇಕಿತ್ತು.

“ಇಷ್ಟು ದೊಡ್ಡದು ಯಾಕೆ, ಅಂಕಲ್‌ಜೀ?”

“ಫೌಜಿನ ಅಭ್ಯಾಸ, ಮಿಲಿಟರಿಯಲ್ಲಿದ್ದೆ. ಒಗೆದರೆ ಕುಗ್ಗುತ್ತೆ ಅಂತ ಬಟ್ಟೆ ದೊಡ್ಡದೇ ತಗೊಳ್ತಿದ್ವಿ.”

“ಅಚ್ಛಾ! ಇದನ್ನೂ ಒಗೀತೀರಾ?”

ಮೀಡಿಯಂ ತೊಡಿಸಿ, ಸೊಂಟದ ಪಟ್ಟಿ ಅಂಟಿಸಿ, ತೊಡೆಯ ಬಳಿ ಒಳಗೆ ಮಡಚಿಕೊಂಡಿದ್ದ ಅಂಚನ್ನು ಹೊರಗೆಳೆದ. ಮತ್ತೆ ಸುರಿದ. ಹನಿಯೂ ಇಳಿಯಲಿಲ್ಲ. ನನಗೂ ತಣ್ಣಗಾಗಲಿಲ್ಲ. ಬೊಂಬೆಯ ತೊಡೆ ಮುಟ್ಟಿದೆ. ಬೆಚ್ಚಗಿತ್ತು.

ಮದುವೆಯಲ್ಲಿ ಪಂಚೆ ಒದ್ದೆಯಾಗಲಿಲ್ಲ. ಆ ಬೊಂಬೆಯ ಎದುರು ಮತ್ತೆ ನಿಲ್ಲಲಾರೆ; ಡಯಾಪರ್ ತರಲು ಆ ಅಂಗಡಿಗೆ ಈಗ ಮಗನನ್ನು ಕಳಿಸುತ್ತೇನೆ.